ಬಂಗಾರ ಕೆಟ್ಟಿದೆಯೋ, ತಕ್ಕಡಿ ಕೆಟ್ಟಿದೆಯೋ: ಗಾಮಾ ಕಿರಣದಿಂದ ಮಾಡಿದ ಬಂಗಾರದ ವೇಗವರ್ಧಕ ಮಂಕಾದಾಗ ದೋಷ ಹುಡುಕುವ ಬಗೆ

ಧಾರವಾಡದ ನಮ್ಮ ಸಣ್ಣ ಲ್ಯಾಬಿನಲ್ಲಿ ಬಂಗಾರದ ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡುತ್ತೇವೆ. ಅದು ವೇಗವರ್ಧಕ: ತಾನು ಖರ್ಚಾಗದೆ ಬೇರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ದಾರಿ ಸರಳ. ಬಂಗಾರದ ಕ್ಲೋರೈಡ್ ಕರಗಿಸಿದ ತಿಳಿ ಹಳದಿ ನೀರನ್ನು ಗಾಜಿನ ಸೀಸೆಗೆ ಹಾಕಬೇಕು. ಗಾಮಾ ಕಿರಣ ಸೂಸುವ ಕೋಬಾಲ್ಟ್-60 ಇರುವ ಗಾಮಾ ಚೇಂಬರಿನಲ್ಲಿ ಒಂದು ಗಂಟೆ ಇಡಬೇಕು. ಹಳದಿಯಾಗಿ ಒಳಗೆ ಹೋದದ್ದು ಕೆಂಪಾಗಿ ಹೊರಗೆ ಬರುತ್ತದೆ. ಚೇಂಬರ್ ನಮ್ಮ ಬಳಿ ಇಲ್ಲ. ಬೇರೆ ಊರಿನ ಒಂದು ಕೇಂದ್ರಕ್ಕೆ ರಾತ್ರಿ ಬಸ್ಸಿನಲ್ಲಿ ಸೀಸೆಗಳನ್ನು ಒಯ್ದು, ಮರುದಿನ ವಾಪಸ್ ತರುತ್ತೇವೆ. ಈ ಬಸ್ಸಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬಂಗಾರ ಕೆಲಸ ಮಾಡುವುದನ್ನು ಕಡಿಮೆ ಮಾಡಿತು. ಒಂದೇ ದಿನಕ್ಕೆ ನಿಂತಿದ್ದರೆ ಹುಡುಕುವುದು ಸುಲಭವಿತ್ತು. ಇದು ತಿಂಗಳಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಮಂಕಾಯಿತು. ಹುಡುಕಿ ಹಿಡಿಯಲು ಮೂರು ವಾರ ಬೇಕಾಯಿತು. ಇದೇ ಕೆಲಸ ಮಾಡುವ ಬೇರೆಯವರಿಗೆ ಆ ಮೂರು ವಾರ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಲಕ್ಷಣ ಏನಿತ್ತು

ಬಂಗಾರ ಚುರುಕಾಗಿದೆಯೋ ಇಲ್ಲವೋ ನೋಡಲು ನಾವು ಎಲ್ಲರೂ ಮಾಡುವ ಪರೀಕ್ಷೆಯನ್ನೇ ಮಾಡುತ್ತೇವೆ. ಪ್ಯಾರಾ-ನೈಟ್ರೋಫಿನಾಲ್ ದ್ರಾವಣಕ್ಕೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಗಾಢ ಹಳದಿ ಬಣ್ಣ ಬರುತ್ತದೆ. ಬಂಗಾರ ಇಲ್ಲದಿದ್ದರೆ ಆ ಹಳದಿ ಹಾಗೇ ಕೂತಿರುತ್ತದೆ. ಒಂದೆರಡು ಹನಿ ಬಂಗಾರದ ದ್ರಾವಣ ಬಿದ್ದರೆ ಹಳದಿ ಕರಗುತ್ತಾ ಹೋಗಿ, ಕೊನೆಗೆ ನೀರಿನಂತೆ ತಿಳಿಯಾಗುತ್ತದೆ. 400 ನ್ಯಾನೋಮೀಟರಿನ ರೀಡಿಂಗ್ ಇಳಿಯುವುದನ್ನು, ದ್ರಾವಣ ಎಷ್ಟು ಬೆಳಕು ಹೀರಿತೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡುತ್ತಾ ಕೂತರಾಯಿತು.

ಮೊದಲೆಲ್ಲ ಇದಕ್ಕೆ 8 ನಿಮಿಷ ಸಾಕಿತ್ತು. ಬೇಸಿಗೆ ಹೊತ್ತಿಗೆ 20 ನಿಮಿಷ ದಾಟಿತು. ಜೊತೆಗೆ ಇನ್ನೆರಡು ಲಕ್ಷಣ ಕಂಡವು. ದ್ರಾಕ್ಷಿ ರಸದ ಕೆಂಪು ಹೋಗಿ ನೇರಳೆ ಛಾಯೆ ಬಂತು. ಬಂಗಾರ ಅತಿ ಹೆಚ್ಚು ಬೆಳಕು ಹೀರುವ ಶಿಖರ 520 ನ್ಯಾನೋಮೀಟರ್ ಹತ್ತಿರ ಇರುತ್ತಿತ್ತು, ಅದು 540ರ ಕಡೆ ಸರಿಯಿತು. ಎರಡನೆಯದು ಇನ್ನೂ ವಿಚಿತ್ರ. ಸೀಸೆಯನ್ನು ಸುಮ್ನೆ ಶೆಲ್ಫಿನಲ್ಲಿ ಇಟ್ಟರೂ ನಾಲ್ಕೈದು ದಿನದಲ್ಲಿ ಬಣ್ಣ ಮತ್ತಷ್ಟು ಗಾಢವಾಗುತ್ತಿತ್ತು. ಚೇಂಬರಿನಿಂದ ಬಂದ ಮೇಲೆ ಕೆಲಸ ಮುಗಿಯಬೇಕು, ಅಲ್ವಾ? ಆದರೆ ಇಲ್ಲಿ ಒಳಗೆ ಏನೋ ಇನ್ನೂ ನಡೆಯುತ್ತಲೇ ಇತ್ತು. ಈ ಸುಳಿವನ್ನು ನಾವು ಮೊದಲ ವಾರ ಕಡೆಗಣಿಸಿದೆವು. ಅದು ನಮ್ಮ ದೊಡ್ಡ ತಪ್ಪು.

ಬಂಗಾರದ ವಿಷಯದಲ್ಲಿ ಕಣದ ಗಾತ್ರವೇ ಎಲ್ಲ. ಗಟ್ಟಿ ಬಂಗಾರ ಯಾವುದಕ್ಕೂ ಜಗ್ಗುವುದಿಲ್ಲ. ಅದಕ್ಕೇ ಅಜ್ಜಿಯ ಬೋರಮಾಳ ಸರ ಅರವತ್ತು ವರ್ಷವಾದರೂ ಹಾಗೇ ಹೊಳೆಯುತ್ತದೆ. ಅದೇ ಬಂಗಾರವನ್ನು 5 ನ್ಯಾನೋಮೀಟರಿಗಿಂತ ಸಣ್ಣ ಕಣವಾಗಿಸಿ ಲೋಹದ ಆಕ್ಸೈಡಿನ ಮೇಲೆ ಕೂರಿಸಿದರೆ, ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಸುಟ್ಟುಬಿಡುತ್ತದೆ. ಜಪಾನಿನ ಮಸಾಟಾಕೆ ಹರುಟಾ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪ್ರಕಟಿಸಿದಾಗಿನಿಂದ ಬಂಗಾರದ ಹಣೆಬರಹವೇ ಬದಲಾಯಿತು. ನಮ್ಮ ಕಣ ಅಷ್ಟು ಸಣ್ಣದಲ್ಲ, ಕೆಲಸವೂ ಬೇರೆ. ಆದರೆ ನಿಯಮ ಅದೇ: ಕಣ ದಪ್ಪವಾದರೆ ಚುರುಕು ಹೋಗುತ್ತದೆ. ನಮ್ಮ ಕಣ ದಪ್ಪವಾಗುತ್ತಿದೆ ಎಂದು ಬಣ್ಣವೇ ಹೇಳುತ್ತಿತ್ತು. ಯಾಕೆ ಎನ್ನುವುದೇ ಪ್ರಶ್ನೆ.

ಮೊದಲು ದಾರಿಯನ್ನು ಎರಡು ತುಂಡು ಮಾಡಿ

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಒಂದೇ ಸಲಕ್ಕೆ ನಾಲ್ಕು ವಸ್ತು ಬದಲಿಸುವುದು. ಹೊಸ ಬೋರೋಹೈಡ್ರೈಡ್ ತರಿಸಿದೆವು, ಹೊಸ ನೀರು ಹಾಕಿದೆವು, ಗಾಜು ತೊಳೆದೆವು. ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ನಮಗಂತೂ ಸರಿಯೂ ಆಗಲಿಲ್ಲ.

ಆಮೇಲೆ ಬುದ್ಧಿ ಬಂತು. ಒಂದು ವರ್ಷಕ್ಕೂ ಹಳೆಯದಾದ, ಚೆನ್ನಾಗಿದ್ದ ಬ್ಯಾಚಿನ ಒಂದು ಸೀಸೆ ಕತ್ತಲೆ ಕಪಾಟಿನಲ್ಲಿ ಉಳಿದಿತ್ತು. ಅದನ್ನು ತೆಗೆದು ಅದೇ ದಿನದ ಬೋರೋಹೈಡ್ರೈಡ್, ಅದೇ ನೈಟ್ರೋಫಿನಾಲ್ ಜೊತೆ ಪರೀಕ್ಷೆ ಮಾಡಿದೆವು. 9 ನಿಮಿಷದಲ್ಲಿ ಹಳದಿ ಹೋಯಿತು. ಅಂದರೆ ಪರೀಕ್ಷೆ ಸರಿ ಇದೆ, ಹೊಸ ಬಂಗಾರದಲ್ಲೇ ದೋಷ. ಇಷ್ಟು ತಿಳಿಯಲು ಅರ್ಧ ಗಂಟೆ ಸಾಕಾಯಿತು. ಅದಕ್ಕೇ ಹೇಳುತ್ತೇನೆ, ಪ್ರತಿ ಒಳ್ಳೆಯ ಬ್ಯಾಚಿನಿಂದ ಒಂದು ಸೀಸೆ ಎತ್ತಿಡಿ. ಉಪ್ಪಿನಕಾಯಿ ಭರಣಿಯಂತೆ ಕತ್ತಲಲ್ಲಿ ಇರಲಿ.

ನಿಮ್ಮ ಹಳೆಯ ಸೀಸೆಯೂ ನಿಧಾನವಾದರೆ ಬೋರೋಹೈಡ್ರೈಡ್ ಮೇಲೆ ಮೊದಲ ಅನುಮಾನ ಇರಲಿ. ಅದು ಗಾಳಿಯ ತೇವ ಹೀರಿ ಕೆಡುತ್ತದೆ. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಡಬ್ಬಿಯ ಮುಚ್ಚಳ ಹತ್ತು ನಿಮಿಷ ತೆರೆದಿದ್ದರೂ ಪುಡಿ ಮುದ್ದೆಯಾಗುತ್ತದೆ. ದ್ರಾವಣವನ್ನು ಪರೀಕ್ಷೆಗೆ ಸ್ವಲ್ಪ ಮೊದಲು, ಐಸ್ ತಂಪಿನ ನೀರಿನಲ್ಲೇ ಮಾಡಿಕೊಳ್ಳಿ. ನಿನ್ನೆಯ ದ್ರಾವಣ ಇವತ್ತಿಗೆ ಬೇಡ.

ಮುಂದಿನ ತುಂಡು: ಬಂಗಾರದ ಲವಣ, ನೀರು ಮತ್ತು ಗಾಜು. ಇವು ಮೂರನ್ನೂ ಒಂದೇ ಏಟಿಗೆ ನೋಡಬಹುದು. ಅದೇ ಲವಣ, ಅದೇ ನೀರು, ಅದೇ ಗಾಜು ತೆಗೆದುಕೊಂಡು ಕಿರಣದ ಸಹವಾಸವೇ ಇಲ್ಲದೆ ಬಂಗಾರ ಮಾಡಿ ನೋಡುವುದು. ಇದಕ್ಕೆ ಟರ್ಕೆವಿಚ್ ವಿಧಾನ ಇದೆ, 1951ರದ್ದು. ಕುದಿಯುವ ಬಂಗಾರದ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಹಾಕಿದರೆ ಕೆಲವೇ ನಿಮಿಷದಲ್ಲಿ ಮಾಣಿಕ್ಯದ ಕೆಂಪು ಬರುತ್ತದೆ. ನಮಗೆ ಚೆಂದದ ಕೆಂಪು ಬಂತು. ಶಿಖರವೂ 520ರಲ್ಲೇ ಕೂತಿತ್ತು. ಲವಣ ಪಾಸ್, ನೀರು ಪಾಸ್, ಗಾಜು ಪಾಸ್.

ಇಲ್ಲಿ ನೇರಳೆ ಅಥವಾ ಕಪ್ಪು ಬಂದರೆ ಗಾಜನ್ನು ನೋಡಿ. ಹಿಂದಿನ ಬ್ಯಾಚಿನ ಬಂಗಾರ ಗಾಜಿನ ಒಳಮೈಗೆ ಕಣ್ಣಿಗೆ ಕಾಣದಂತೆ ಅಂಟಿರುತ್ತದೆ. ಹೊಸ ಬಂಗಾರ ಅದರ ಮೇಲೆ ಹೋಗಿ ಕೂರುತ್ತದೆ. ರಾಜದ್ರಾವಕದಲ್ಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣ) ತೊಳೆಯಬೇಕು. ಅದನ್ನು ಫ್ಯೂಮ್ ಹುಡ್ ಒಳಗೇ ಮಾಡಿ, ಉಳಿದದ್ದನ್ನು ಎಂದಿಗೂ ಮುಚ್ಚಳ ಬಿಗಿದು ಇಡಬೇಡಿ, ಅನಿಲ ತುಂಬಿ ಸೀಸೆ ಸಿಡಿಯುತ್ತದೆ. ರಬ್ಬರ್ ಬಿರಡೆಯನ್ನೂ ನೋಡಿ. ರಬ್ಬರಿನಲ್ಲಿರುವ ಗಂಧಕ ಬಂಗಾರಕ್ಕೆ ವಿಷ. ಅದು ಕಣದ ಮೈಗೆ ಹತ್ತಿಕೊಂಡರೆ ಬಿಡುವುದಿಲ್ಲ. ನಾವು ಟೆಫ್ಲಾನ್ ಹಚ್ಚಿದ ಬಿರಡೆ ಬಳಸುತ್ತಿದ್ದೆವು. ಹಾಗಾಗಿ ಅದೂ ಪಾರಾಯಿತು.

ಉಳಿದದ್ದು ಒಂದೇ. ಚೇಂಬರಿನ ಒಳಗೆ ಏನೋ ಆಗುತ್ತಿದೆ.

ಶೆಲ್ಫಿನ ಮೇಲೆ ಗಾಢವಾಗುವ ಬಣ್ಣ

ಈಗ ಆ ಕಡೆಗಣಿಸಿದ ಸುಳಿವಿಗೆ ಬಂದೆವು. ಸೀಸೆ ಸುಮ್ನೆ ಕೂತಿದ್ದರೂ ಬಣ್ಣ ಗಾಢವಾಗುತ್ತಿದೆ ಎಂದರೆ, ಲೋಹವಾಗದೆ ಉಳಿದ ಬಂಗಾರದ ಅಯಾನು ಒಳಗೆ ಇರಬೇಕು. ಅದು ಇದ್ದ ಕಣಗಳ ಮೇಲೆ ನಿಧಾನವಾಗಿ ಕೂತು ಅವನ್ನು ದಪ್ಪ ಮಾಡುತ್ತಿರಬೇಕು. ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಡ. ದ್ರಾವಣವನ್ನು ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ. ಕಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದು ಒಂದೆರಡು ಹನಿ ಹೊಸ ಬೋರೋಹೈಡ್ರೈಡ್ ಹಾಕಿ. ಬಣ್ಣ ಬರದಿದ್ದರೆ ಬಂಗಾರವೆಲ್ಲ ಲೋಹವಾಗಿದೆ. ಗುಲಾಬಿಯೋ ಕಂದೋ ಬಂದರೆ ಬಂಗಾರ ಇನ್ನೂ ಬಾಕಿ ಇದೆ.

ನಮ್ಮದು ಗುಲಾಬಿ ಬಂತು. ಹಳೆಯ ಒಳ್ಳೆಯ ಸೀಸೆಯ ತಿಳಿಗೆ ಏನೂ ಬರಲಿಲ್ಲ.

ಹಾಗಾದರೆ ಡೋಸ್, ಅಂದರೆ ದ್ರಾವಣ ಹೀರಿದ ಕಿರಣದ ಶಕ್ತಿ, ಸಾಲಲಿಲ್ಲವೇ? ಲೆಕ್ಕ ಹಾಕೋಣ. ಗಾಮಾ ಕಿರಣ ಬಂಗಾರವನ್ನು ನೇರವಾಗಿ ಮುಟ್ಟುವುದು ತೀರಾ ಕಡಿಮೆ. ಅದು ನೀರನ್ನು ಒಡೆಯುತ್ತದೆ. ನೀರಿನಿಂದ ಸಿಡಿದ ಎಲೆಕ್ಟ್ರಾನು ಮತ್ತು ಹೈಡ್ರೋಜನ್ ಪರಮಾಣು ಬಂಗಾರದ ಅಯಾನನ್ನು ಲೋಹ ಮಾಡುತ್ತವೆ. ಜೊತೆಗೆ ಹುಟ್ಟುವ ಹೈಡ್ರಾಕ್ಸಿಲ್ ರಾಡಿಕಲ್ ಮಾತ್ರ ತಿರುಗಿ ಕೆಲಸ ಕೆಡಿಸುತ್ತದೆ. ಅದನ್ನು ಪಳಗಿಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕುತ್ತೇವೆ. ಆಗ ಆ ಪುಂಡನೂ ನಮ್ಮ ಕಡೆಯವನಾಗಿ ದುಡಿಯುತ್ತಾನೆ. ಎಲ್ಲ ಸೇರಿ ಒಂದು ಜೂಲ್ ಶಕ್ತಿಗೆ ಸುಮಾರು 0.6 ಮೈಕ್ರೋಮೋಲ್ ಕೆಲಸಗಾರರು ಸಿಗುತ್ತಾರೆ.

ನಮ್ಮ ದ್ರಾವಣದಲ್ಲಿ ಲೀಟರಿಗೆ 0.3 ಮಿಲಿಮೋಲ್ ಬಂಗಾರ ಇದೆ. ಒಂದೊಂದು ಅಯಾನಿಗೆ ಮೂರು ಎಲೆಕ್ಟ್ರಾನ್ ಬೇಕು. ಒಟ್ಟು 0.9 ಮಿಲಿಮೋಲ್. ಭಾಗಿಸಿದರೆ ಸುಮಾರು 1,500 ಗ್ರೇ. ಒಂದು ಗ್ರೇ ಎಂದರೆ ಒಂದು ಕಿಲೋಗೆ ಒಂದು ಜೂಲ್. ನೀರಿನಲ್ಲಿ ಗಾಳಿಯ ಆಮ್ಲಜನಕ ಕರಗಿದ್ದರೆ ಅದೂ ಪಾಲು ಕೇಳುತ್ತದೆ. ಗಾಳಿ ಕುಡಿದ ನೀರಿನಲ್ಲಿ ಲೀಟರಿಗೆ ಸುಮಾರು 0.25 ಮಿಲಿಮೋಲ್ ಆಮ್ಲಜನಕ ಇರುತ್ತದೆ. ಅದಕ್ಕೆ ಹೆಚ್ಚುಕಡಿಮೆ 400 ಗ್ರೇ ಹೋಯಿತು ಅನ್ನಿ. ಎರಡೂ ಸೇರಿ 1,900. ನಾವು ಕೊಡುತ್ತಿದ್ದದ್ದು 2,000 ಗ್ರೇ. ಗಂಟೆಗೆ 2,000 ಗ್ರೇ ಎಂದು ಚೇಂಬರಿನ ಚೀಟಿಯಲ್ಲಿತ್ತು, ಒಂದು ಗಂಟೆ ಇಡುತ್ತಿದ್ದೆವು. ಸಾಲಬೇಕಿತ್ತು.

ನಮಗೂ ಡೋಸ್ ಮೇಲೆ ಅನುಮಾನ ಬಂದಿರಲಿಲ್ಲ ಎಂದಲ್ಲ. ಮೊದಲ ವಾರದಲ್ಲೇ, ಡೋಸ್ ಅಳೆಯುವ ಫ್ರಿಕೆ ಎಂಬ ಕಬ್ಬಿಣದ ದ್ರಾವಣದಲ್ಲಿ (ವಿವರ ಮುಂದೆ ಇದೆ) ಅಳೆದಿದ್ದೆವು. ಗಂಟೆಗೆ 1,958 ಗ್ರೇ ಬಂದಿತ್ತು. ಚೀಟಿಯ 2,000ಕ್ಕೆ ಹತ್ತಿರವೇ ಇದೆ, ಡೋಸ್ ಸರಿ ಎಂದು ಷರಾ ಬರೆದು ಮುಂದೆ ಹೋಗಿದ್ದೆವು.

ಲ್ಯಾಬಿನಲ್ಲಿ ಒಬ್ಬ ಹಿರಿಯ ಸಹಾಯಕರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಪತ್ತಾರರ ಮನೆತನ. ಚಿಕ್ಕವರಿದ್ದಾಗ ಗುಲಗಂಜಿ ಇಟ್ಟು ಬಂಗಾರ ತೂಗುವುದನ್ನು ನೋಡಿದವರು. ನಮ್ಮ ಮೂರನೇ ವಾರದ ಗೋಳು ಕೇಳಿ ಅವರು ಹೇಳಿದ್ದು ಒಂದೇ ಮಾತು: “ಬಂಗಾರ ಕೆಟ್ಟಿಲ್ಲೋ ತಮ್ಮಾ, ತಕ್ಕಡಿ ಕೆಟ್ಟೈತಿ. ಮೊದಲ ಅದನ್ನ ತೂಗು.”

ತಕ್ಕಡಿಯನ್ನು ತೂಗುವುದು

ಡೋಸ್ ಅಳೆಯಲು ಥರ್ಮಾಮೀಟರ್ ಸಾಲುವುದಿಲ್ಲ. 400 ಗ್ರೇ ಕೊಟ್ಟರೂ ನೀರು 0.1 ಡಿಗ್ರಿಯಷ್ಟೂ ಬಿಸಿಯಾಗುವುದಿಲ್ಲ. ಅದಕ್ಕೇ ರಸಾಯನದಿಂದ ಸಾಕ್ಷಿ ಹೇಳಿಸಬೇಕು. 1927ರಲ್ಲಿ ಹ್ಯೂಗೋ ಫ್ರಿಕೆ ಮತ್ತು ಸ್ಟರ್ನ್ ಮೋರ್ಸ್ ತೋರಿಸಿದ ದಾರಿ ಇವತ್ತಿಗೂ ನಡೆಯುತ್ತಿದೆ. ಕಿರಣ ಬಿದ್ದಾಗ ಫೆರಸ್ ಕಬ್ಬಿಣ ಫೆರಿಕ್ ಆಗುತ್ತದೆ. ಎಷ್ಟು ಫೆರಿಕ್ ಆಯಿತೆಂದು 304 ನ್ಯಾನೋಮೀಟರಿನಲ್ಲಿ ನೋಡಿದರೆ ಎಷ್ಟು ಡೋಸ್ ಬಿತ್ತೆಂದು ತಿಳಿಯುತ್ತದೆ.

ಒಂದು ಲೀಟರಿಗೆ 0.392 ಗ್ರಾಂ ಮೋರ್ ಲವಣ (ಫೆರಸ್ ಅಮೋನಿಯಂ ಸಲ್ಫೇಟ್), 0.06 ಗ್ರಾಂ ಉಪ್ಪು, 22 ಮಿಲಿಲೀಟರ್ ಗಾಢ ಶುದ್ಧ ಗಂಧಕಾಮ್ಲ. ಅಷ್ಟೇ. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕಲ್ಲ. ಪಿಯುಸಿ ಪ್ರಾಕ್ಟಿಕಲ್ಲಿನಲ್ಲಿ ಪರ್ಮ್ಯಾಂಗನೇಟ್ ಜೊತೆ ಟೈಟ್ರೇಷನ್ ಮಾಡಿದ ಅದೇ ಮೋರ್ ಲವಣ ಇದು. ಓದುವಾಗ 1 ಸೆಂಟಿಮೀಟರ್ ಕ್ಯುವೆಟ್ (ದ್ರಾವಣ ತುಂಬಿ ಯಂತ್ರದಲ್ಲಿಡುವ ಸಣ್ಣ ಚೌಕ ಪಾತ್ರೆ), 25 ಡಿಗ್ರಿ. ಕಿರಣ ಬಿದ್ದ ದ್ರಾವಣದ ಅಬ್ಸಾರ್ಬೆನ್ಸಿನಿಂದ (ಬೆಳಕು ಹೀರಿದ ಅಳತೆ) ಬ್ಲ್ಯಾಂಕಿನದನ್ನು, ಅಂದರೆ ಕಿರಣ ಬೀಳದ ಅದೇ ದ್ರಾವಣದ್ದನ್ನು ಕಳೆದು 278ರಿಂದ ಗುಣಿಸಿದರೆ ಗ್ರೇ ಸಿಗುತ್ತದೆ. 20ರಿಂದ 400 ಗ್ರೇ ವರೆಗೆ ಇದನ್ನು ನಂಬಬಹುದು. ಅದರ ಮೇಲೆ ದ್ರಾವಣದೊಳಗಿನ ಆಮ್ಲಜನಕ ತೀರತೊಡಗುತ್ತದೆ. ಆಮ್ಲಜನಕ ಪೂರ್ತಿ ಹೋದರೆ ಫೆರಿಕ್ ಹುಟ್ಟುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೆಲವರು ಫ್ರಿಕೆ ಸೀಸೆಯನ್ನೂ ಬಂಗಾರದ ಜೊತೆ ಪೂರ್ತಿ ಒಂದು ಗಂಟೆ ಇಟ್ಟು, ಡೋಸ್ ಕಡಿಮೆ ಬಂತು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾವು ಆ ತಪ್ಪು ಮಾಡಿರಲಿಲ್ಲ. 10 ನಿಮಿಷ ಇಟ್ಟು 6ರಿಂದ ಗುಣಿಸಿದ್ದೆವು. ನಮ್ಮ ತಪ್ಪುಗಳು ಬೇರೆ, ಮೂರು ಇದ್ದವು. ಮೂರೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದವು.

ಮೊದಲನೆಯದು ಸೆಕೆ. ಅಳೆದದ್ದು ಏಪ್ರಿಲ್ ಮಧ್ಯಾಹ್ನ. ಕರೆಂಟ್ ಹೋಗಿ ಬಂದು ಎಸಿ ನಿಂತಿತ್ತು. ಕ್ಯುವೆಟ್ ಇಡುವ ಜಾಗದಲ್ಲಿ 33 ಡಿಗ್ರಿ. ಫೆರಿಕ್ ರೀಡಿಂಗ್ ಒಂದು ಡಿಗ್ರಿಗೆ ಸುಮಾರು 0.7 ಶೇಕಡಾ ಏರುತ್ತದೆ. 8 ಡಿಗ್ರಿಗೆ ಐದೂವರೆ ಶೇಕಡಾ ಜಾಸ್ತಿ. ಆದರೆ ಗುಣಿಸಿದ್ದು 25 ಡಿಗ್ರಿಯ 278ರಿಂದ. ಕಿರಣ ಬೀಳುವಾಗಿನ ತಾಪದಿಂದಲೂ ಫಲಿತಾಂಶ ಸ್ವಲ್ಪ ಬದಲಾಗುತ್ತದೆ. ಆದರೆ ಅದು ಡಿಗ್ರಿಗೆ 0.15 ಶೇಕಡಾ ದಾಟುವುದಿಲ್ಲ. ಓದುವಾಗಿನ ತಾಪವೇ ಮುಖ್ಯ.

ಎರಡನೆಯದು ಇಳಿದು ಏರುವ ಹೊತ್ತು. ಚೇಂಬರಿನಲ್ಲಿ ಸೀಸೆ ಒಂದು ಡಬ್ಬಿಯಲ್ಲಿ ಕೆಳಗಿಳಿದು, ಮುಗಿದ ಮೇಲೆ ಮೇಲೆ ಬರುತ್ತದೆ. ಟೈಮರ್ ಓಡುವುದು ಪೂರ್ತಿ ಇಳಿದ ಮೇಲೆ. ಇಳಿಯುವಾಗ, ಏರುವಾಗ ಬೀಳುವ ಕಿರಣ ಟೈಮರಿಗೆ ಕಾಣುವುದಿಲ್ಲ, ಕಬ್ಬಿಣಕ್ಕೆ ಮಾತ್ರ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಅದು 14 ಗ್ರೇ. ಒಂದು ಗಂಟೆಯ ಡೋಸಿನಲ್ಲಿ 14 ಏನೂ ಅಲ್ಲ. ಆದರೆ 10 ನಿಮಿಷದ ರೀಡಿಂಗಿನಲ್ಲಿ ಅದನ್ನು ಸೇರಿಸಿಕೊಂಡು 6ರಿಂದ ಗುಣಿಸಿದರೆ 84 ಆಗುತ್ತದೆ.

ಮೂರನೆಯದನ್ನು ಹಿಡಿದವರು ಕಾಕಾ.

“ಆ ಬ್ಲ್ಯಾಂಕ್ ಸೀಸೆ ಎಲ್ಲಿತ್ತೋ ತಮ್ಮಾ?”

“ಇಲ್ಲೇ ಫ್ರಿಜ್ಜಿನ್ಯಾಗ ಇತ್ರೀ ಕಾಕಾ.”

“ಉಳಿದಾವೆಲ್ಲಾ ಬಸ್ಸಿನ್ಯಾಗ ಬಿಸಲಾಗ ಹೋಗಿ ಬಂದಾವ. ಇದೊಂದು ಮನ್ಯಾಗ ತಣ್ಣಗ ಮಲಗೇತಿ. ಹೆಂಗ ಹೋಲಸ್ತಿ?”

ಫೆರಸ್ ಕಬ್ಬಿಣ ಕಿರಣ ಬೀಳದಿದ್ದರೂ ತನ್ನಷ್ಟಕ್ಕೆ ತಾನು ನಿಧಾನವಾಗಿ ಫೆರಿಕ್ ಆಗುತ್ತಿರುತ್ತದೆ. ಬಿಸಿಯಾದರೆ ಬೇಗ. ಬಸ್ಸಿನಲ್ಲಿ ಹೋಗಿ ಬಂದ, ಆದರೆ ಕಿರಣ ಬೀಳದ ಒಂದು ಸೀಸೆಯನ್ನು ಮುಂದಿನ ಸಲ ಅಳೆದೆವು. ಫ್ರಿಜ್ಜಿನದಕ್ಕಿಂತ 0.03 ಜಾಸ್ತಿ ಬಂತು. ಅಂದರೆ ಬಸ್ ಪ್ರಯಾಣವೇ 8 ಗ್ರೇ ಡೋಸ್ ಕೊಟ್ಟಂತಾಯಿತು!

ಈಗ ಮೂರನ್ನೂ ಕಳೆಯಿರಿ. ಅವತ್ತು ಬಂದ ಅಬ್ಸಾರ್ಬೆನ್ಸ್ ವ್ಯತ್ಯಾಸ 1.174. ಬಸ್ಸಿನ 0.03 ಹೋದರೆ 1.144. ಸೆಕೆಯ ಪಾಲು ತೆಗೆದರೆ 1.083, ಅಂದರೆ 301 ಗ್ರೇ. ಇಳಿದು ಏರುವ 14 ಕಳೆದರೆ 287. ಆರರಿಂದ ಗುಣಿಸಿದರೆ ಗಂಟೆಗೆ 1,720 ಗ್ರೇ ಆಸುಪಾಸು. 2,000ಕ್ಕೂ ಇದಕ್ಕೂ ಅಜಗಜಾಂತರ.

ಹಾಗಾದರೆ ಚೀಟಿಯ 2,000 ಸುಳ್ಳೇ? ಸುಳ್ಳಲ್ಲ, ಹಳೆಯದು. ಚೀಟಿಯ ಮೂಲೆಯಲ್ಲಿ ತಾರೀಖು ಇತ್ತು. 14 ತಿಂಗಳ ಹಿಂದಿನದು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ತಿಂಗಳಿಗೆ ಸುಮಾರು 1.1 ಶೇಕಡಾ ಕರಗುತ್ತದೆ. 14 ತಿಂಗಳಿಗೆ 2,000 ಎನ್ನುವುದು 1,715 ಆಗಿರುತ್ತದೆ. ಅಳತೆ ಮತ್ತು ಲೆಕ್ಕ ಕೈ ಕುಲುಕಿದವು. ಚೀಟಿಯ ಮೇಲೆ ತಾರೀಖು ಇದ್ದೂ ಲೆಕ್ಕ ಹಾಕದೆ ಇದ್ದವರು ನಾವೇ. ಕೇಂದ್ರದವರನ್ನು ದೂರಿ ಫಲವಿಲ್ಲ.

ನಮ್ಮನ್ನು ಮೂರು ವಾರ ಅಲೆಸಿದ್ದು ಇದೇ. ಕೋಬಾಲ್ಟ್ 285 ಗ್ರೇ ಕಡಿಮೆ ಕೊಡುತ್ತಿತ್ತು. ನಮ್ಮ ಫ್ರಿಕೆ ಅಳತೆ ಅದಕ್ಕೆ ಹತ್ತಿರ ಹತ್ತಿರ ಅಷ್ಟೇ ಜಾಸ್ತಿ ತೋರಿಸುತ್ತಿತ್ತು. ಒಂದು ತಪ್ಪು ಇನ್ನೊಂದರ ಮೇಲೆ ಕಂಬಳಿ ಹೊದಿಸಿತ್ತು. ಅಳತೆ ಚೀಟಿಗೆ ಹೊಂದಿತು ಎಂದು ಖುಷಿಪಟ್ಟ ಆ ದಿನವೇ ನಿಂತು ಕೇಳಬೇಕಿತ್ತು: 14 ತಿಂಗಳ ಹಿಂದಿನ ಚೀಟಿಗೆ ಇವತ್ತಿನ ಅಳತೆ ಹೊಂದುವುದಾದರೂ ಹೇಗೆ?

ಮಂಕು ಯಾಕೆ ನಿಧಾನವಾಗಿ ಬಂತೆಂಬುದೂ ಈಗ ತಿಳಿಯಿತು. ಬೇಕಿದ್ದದ್ದು 1,900. ಮೊದಲ ನಾಲ್ಕೈದು ತಿಂಗಳು ಕೋಬಾಲ್ಟ್ ಅದಕ್ಕಿಂತ ಜಾಸ್ತಿಯೇ ಕೊಡುತ್ತಿತ್ತು. ಆಮೇಲೆ ಗೆರೆಯ ಕೆಳಗೆ ಜಾರಿತು. ಅಲ್ಲಿಂದ ಪ್ರತಿ ತಿಂಗಳು ಇನ್ನಷ್ಟು ಬಂಗಾರ ಬಾಕಿ ಉಳಿಯುತ್ತಾ ಬಂತು.

ಸರಿಯಾಗಿ ಅಳೆಯುವುದು ಹೇಗೆ

ಒಂದು ಹೊತ್ತಿಗೆ ಒಂದೇ ಸೀಸೆ ಇಡಬೇಡಿ. 2, 4, 6, 8 ನಿಮಿಷಕ್ಕೆ ಬೇರೆ ಬೇರೆ ಸೀಸೆ ಇಟ್ಟು ಗ್ರಾಫ್ ಹಾಕಿ. ನಮಗೆ ಬಂದ ಅಬ್ಸಾರ್ಬೆನ್ಸ್ 0.257, 0.463, 0.670, 0.876. ನಿಮಿಷಕ್ಕೆ 0.103ರಂತೆ ನೆಟ್ಟಗಿನ ಗೆರೆ. ಗೆರೆಯ ಏರಿಕೆಯನ್ನು 278ರಿಂದ ಗುಣಿಸಿದರೆ ನಿಮಿಷದ ಡೋಸ್ ರೇಟ್. ಗೆರೆ ಸೊನ್ನೆ ನಿಮಿಷದಲ್ಲಿ ಸೊನ್ನೆಗೆ ಬರದೆ 0.05ಕ್ಕೆ ನಿಲ್ಲುತ್ತದೆ. ಅದು ಇಳಿದು ಏರುವಾಗಿನ ಡೋಸ್. ಗೆರೆ ಮೇಲೆ ಹೋಗುತ್ತಾ ಬಗ್ಗಿದರೆ ಆಮ್ಲಜನಕ ತೀರುತ್ತಿದೆ ಎಂದು ತಿಳಿಯಿರಿ.

ಬ್ಲ್ಯಾಂಕ್ ಎಲ್ಲಿಗೆ ಹೋದರೂ ಜೊತೆಗೇ ಹೋಗಬೇಕು. ಚೇಂಬರಿನ ಒಳಗೆ ಮಾತ್ರ ಹೋಗಬಾರದು.

ಸೀಸೆಯ ಜಾಗ ಗುರುತು ಮಾಡಿಕೊಳ್ಳಿ. ಚೇಂಬರಿನ ನಡುವೆ ಬೀಳುವ ಡೋಸ್ ಬೇರೆ, ಅಂಚಿನಲ್ಲಿ ಬೀಳುವುದು ಬೇರೆ. ಬಂಗಾರದ ಸೀಸೆ ಇಟ್ಟ ಜಾಗದಲ್ಲೇ, ಅದೇ ಅಳತೆಯ ಸೀಸೆಯಲ್ಲಿ ಫ್ರಿಕೆ ಇಡಬೇಕು. ನಾವು ರಟ್ಟಿನಲ್ಲಿ ತೂತು ಕೊರೆದು ಒಂದು ಸ್ಟ್ಯಾಂಡ್ ಮಾಡಿಕೊಂಡಿದ್ದೇವೆ. ಪಡ್ಡಿನ ಹಂಚಿನಂತೆ ಕಾಣುತ್ತದೆ.

ಕ್ಯುವೆಟ್ ಕ್ವಾರ್ಟ್ಜಿನದೇ ಆಗಿರಲಿ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಕ್ಯುವೆಟ್ಟಿಗೆ 304 ನ್ಯಾನೋಮೀಟರ್ ಎಂದರೆ ಗೋಡೆ. ಹೊಸದಾಗಿ ಬಂದ ಹುಡುಗನೊಬ್ಬ ಅದನ್ನೇ ಇಟ್ಟು, ಬ್ಲ್ಯಾಂಕೇ ಮೂರರ ಮೇಲೆ ತೋರಿಸುತ್ತಿದೆ ಎಂದು ಗಾಬರಿಯಾಗಿದ್ದ.

ಇನ್ನು ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಈ ಮಾತು ಸ್ವಲ್ಪ ಹೆಚ್ಚೇ ಹೇಳಬೇಕು. ನಳಕ್ಕೆ ಮಲಪ್ರಭೆ ಬಂದ ದಿನ ಬೇರೆ, ಬೋರ್‌ವೆಲ್ ಮೇಲೆ ನಡೆಸಿದ ದಿನ ಬೇರೆ. ಬೋರ್ ನೀರಿನ ಗಡಸಿಗೆ ಡಿಸ್ಟಿಲೇಷನ್ ಸೆಟ್ಟಿನ ಒಳಗೆ ಬಿಳಿ ಪದರ ಕಟ್ಟುತ್ತದೆ. ಕುದಿಯುವಾಗ ನೀರು ಸಿಡಿದು ಆಚೆ ಹೋಗುತ್ತದೆ. ಆದರೆ ಫ್ರಿಕೆಗೆ ಲವಣಕ್ಕಿಂತ ದೊಡ್ಡ ಶತ್ರು ಎಣ್ಣೆ, ಸಾಬೂನು, ಆಲ್ಕೋಹಾಲಿನಂಥ ಸಾವಯವ ಕೊಳೆ. ಅದು ಸ್ವಲ್ಪ ಇದ್ದರೂ ಕಬ್ಬಿಣ ಬೇಕಾದ್ದಕ್ಕಿಂತ ಜಾಸ್ತಿ ಫೆರಿಕ್ ಆಗುತ್ತದೆ. ಬಿದ್ದದ್ದಕ್ಕಿಂತ ಜಾಸ್ತಿ ಡೋಸ್ ತೋರಿಸುತ್ತದೆ. ಉಪ್ಪು ಹಾಕುವುದು ಈ ಕೊಳೆಯ ಪ್ರಭಾವ ತಗ್ಗಿಸಲು. ಅದರಿಂದಲೇ ಒಂದು ಚೆಂದದ ಪರೀಕ್ಷೆ ಹುಟ್ಟುತ್ತದೆ. ಒಂದು ಸೀಸೆ ಉಪ್ಪು ಹಾಕಿದ್ದು, ಇನ್ನೊಂದು ಹಾಕದ್ದು. ಎರಡಕ್ಕೂ ಒಂದೇ ಡೋಸ್ ಕೊಡಿ. ರೀಡಿಂಗ್ ಒಂದೇ ಬಂದರೆ ನೀರು ಚೊಕ್ಕ. ಉಪ್ಪಿಲ್ಲದ್ದು ಎದ್ದು ನಿಂತರೆ ನೀರಿನಲ್ಲೋ ಗಾಜಿನಲ್ಲೋ ಕೊಳೆ ಇದೆ. ನಮ್ಮಲ್ಲಿ ಬಂಗಾರದ ಸೀಸೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕುವ ಪಿಪೆಟ್ಟೇ ಫ್ರಿಕೆಗೂ ಓಡಾಡುತ್ತಿತ್ತು. ಈಗ ಅದಕ್ಕೆ ಕೆಂಪು ಟೇಪ್ ಸುತ್ತಿದ್ದೇವೆ.

ಒಂದು ಎಚ್ಚರಿಕೆ. ಎದೆಯ ಮೇಲೆ ಹಾಕಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಈ ಕೆಲಸಕ್ಕಲ್ಲ. ಅದು ಮನುಷ್ಯನಿಗೆ ಬೀಳುವ ಸಣ್ಣ ಡೋಸ್ ನೋಡಲು. ಕಿರಣದ ಕೆಲಸ ಮಾಡುವವರಿಗೆ ನಮ್ಮ ದೇಶದಲ್ಲಿ ಯಾವುದೇ ಒಂದು ವರ್ಷದ ಮಿತಿ 30 ಮಿಲಿಸೀವರ್ಟ್ (ಗಾಮಾ ಕಿರಣಕ್ಕೆ ಇದು ಹೆಚ್ಚುಕಡಿಮೆ ಗ್ರೇಯ ಸಾವಿರದ ಒಂದು ಪಾಲು), ಐದು ವರ್ಷದ ಸರಾಸರಿ ವರ್ಷಕ್ಕೆ 20. ನಮ್ಮ ಸೀಸೆ ತಿನ್ನುವುದು ಸಾವಿರ ಗ್ರೇ ಲೆಕ್ಕದಲ್ಲಿ. ಕುತೂಹಲಕ್ಕೆ ಬ್ಯಾಡ್ಜನ್ನು ಚೇಂಬರಿನ ಒಳಗೆ ಇಟ್ಟರೆ, ವರದಿ ಬಂದ ದಿನ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಚೇಂಬರ್ ನಡೆಸುವುದು ಅದಕ್ಕೆ ಅನುಮತಿ ಇರುವವರ ಕೆಲಸ. ನಾವು ಸೀಸೆ ಕೊಟ್ಟು ಹೊರಗೆ ಕೂರುತ್ತೇವೆ.

ಕೊನೆಗೆ ಏನು ಬದಲಿಸಿದೆವು

ಹೊತ್ತು ಹೆಚ್ಚಿಸುವುದೊಂದೇ ಸಾಕಿತ್ತು. ಗಂಟೆಗೆ 1,715 ಇದ್ದರೆ 2,000ಕ್ಕೆ 70 ನಿಮಿಷ. ಆದರೆ ಆಮ್ಲಜನಕಕ್ಕೆ 400 ಗ್ರೇ ದಾನ ಮಾಡುವುದು ಯಾಕೆ ಎಂದು ನೈಟ್ರೋಜನ್ ಹಾಯಿಸುವ ಕ್ರಮವನ್ನೂ ನೋಡಿದೆವು. ಹಾಯಿಸುತ್ತಿದ್ದೆವು, ಆದರೆ ಹೆಸರಿಗೆ ಮಾತ್ರ. ಸೂಜಿ ದ್ರಾವಣದ ಮೇಲ್ಭಾಗದಲ್ಲೇ ನಿಂತಿರುತ್ತಿತ್ತು, ಅದೂ ಎರಡು ನಿಮಿಷ. ಈಗ ಸೂಜಿ ತಳ ಮುಟ್ಟುತ್ತದೆ, 20 ನಿಮಿಷ ಗುಳ್ಳೆ ಏಳುತ್ತದೆ. ಆಮೇಲೆ ಬಿರಡೆಯ ತೂತಿನ ಮೇಲೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆ ಬಿಗಿಯುತ್ತೇವೆ.

ಎರಡನ್ನೂ ಒಟ್ಟಿಗೆ ಬದಲಿಸಲಿಲ್ಲ. ಮೇಲೆ ಹೇಳಿದ ಪಾಠ ನಮಗೂ ಅನ್ವಯಿಸುತ್ತದಲ್ಲ. ಮೊದಲು ಹೊತ್ತು ಮಾತ್ರ 70 ನಿಮಿಷ ಮಾಡಿದೆವು. ತಿಳಿಗೆ ಬೋರೋಹೈಡ್ರೈಡ್ ಹಾಕಿದಾಗ ಬಣ್ಣ ಬರಲಿಲ್ಲ. ಶಿಖರ 523ಕ್ಕೆ ಬಂತು. ಹಳದಿ ಕರಗಲು 9 ನಿಮಿಷ. ಮುಂದಿನ ಬ್ಯಾಚಿನಲ್ಲಿ ಹಳೆಯ 60 ನಿಮಿಷ ಇಟ್ಟು ನೈಟ್ರೋಜನ್ ಮಾತ್ರ ಸರಿಮಾಡಿದೆವು. ಅದೂ ಪಾಸಾಯಿತು, 8 ನಿಮಿಷ. ಈಗ ಎರಡನ್ನೂ ಪಾಲಿಸುತ್ತೇವೆ.

ಫ್ರಿಜ್ಜಿನ ಬಾಗಿಲಿಗೆ ಕಾಕಾ ಒಂದು ಗೋಡೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಪ್ರತಿ ತಿಂಗಳ ಒಂದನೇ ತಾರೀಖಿನ ಮನೆಯಲ್ಲಿ ಅವತ್ತಿನ ಡೋಸ್ ರೇಟ್, ಅದರ ಕೆಳಗೆ 2,000 ಗ್ರೇಗೆ ಎಷ್ಟು ನಿಮಿಷ ಎಂದು ಪೆನ್ಸಿಲಿನಲ್ಲಿ ಬರೆದಿದೆ. ವರ್ಷದ ಕೊನೆಯವರೆಗೂ ಅವರೇ ಲೆಕ್ಕ ಹಾಕಿ ತುಂಬಿಸಿದ್ದಾರೆ. ಸರಿ ಇದೆಯೇ ಎಂದು ನಾನು ಕ್ಯಾಲ್ಕುಲೇಟರಿನಲ್ಲಿ ನೋಡಿದೆ. ಒಂದು ತಿಂಗಳಲ್ಲಿ ಅರ್ಧ ನಿಮಿಷ ವ್ಯತ್ಯಾಸ ಇತ್ತು. ಅಳಿಸಿ ತಿದ್ದಿದೆವು.